ತಣ್ಣಿ ತಂದ ಫಜೀತಿ

ಶಿವಮೊಗ್ಗದ ಹೊಸಮನೆ ಬಡಾವಣೆಯ ಆ ಬಾಡಿಗೆ ಮನೆಯಲ್ಲಿ ಈಶ್ವರಮ್ಮನವರು ಒಂದು ಗಳಿಗೆ ಕುಳಿತದ್ದನ್ನು ಕಂಡವರು ಕಡಿಮೆ. ತೊಟ್ಟಿಲಿನ ಹಗ್ಗ ಜಗ್ಗಿ ನೋಡುವರು; ಮಲಗಿದ ಮಗುವಿನ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುವರು; ಗೇಟಿನ ಚಿಲಕ ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೊರಗೆ ಓಡುವರು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವರು ಅವರು. ಒಂದು ಪಕ್ಕದಲ್ಲಿ ತಮಿಳಿನವರು, ಇನ್ನೊಂದು ಪಕ್ಕದಲ್ಲಿ ತೆಲುಗಿನವರು. ಯಾರಿಗೆ ಹೆರಿಗೆಯಾದರೂ, ಯಾರು ಕಾಯಿಲೆ ಬಿದ್ದರೂ ಆ ಮನೆಯ ಮಕ್ಕಳು ಈಶ್ವರಮ್ಮನವರ ಮಡಿಲಿಗೆ ಬರುತ್ತಿದ್ದವು. ಪತಿ ಪುಟ್ಟಯ್ಯನವರು ಸ್ವಯಂ ನಿವೃತ್ತಿ ಪಡೆದ ಮೇಲೆ, ೧೯೯೯ರಲ್ಲಿ ದಂಪತಿಗಳು ಶಿವಮೊಗ್ಗಕ್ಕೆ ಬಂದರು. ಇಲ್ಲಿ ನೋಡಿದರೆ, ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚು.

"ಇಷ್ಟು ವರ್ಷ ಪುಕ್ಕಟೆ ಮಾಡಿದ್ದನ್ನೇ ಈಗ ಬೋರ್ಡು ಹಾಕಿ ಮಾಡ್ತೀನಿ," ಎಂದರು ಈಶ್ವರಮ್ಮ. ಪುಟ್ಟಯ್ಯನವರು ನಕ್ಕು, ತಾವೇ 'ಶಿಶುವಿಹಾರ' ಎಂದು ಬರೆದು ಗೇಟಿಗೆ ತೂಗುಹಾಕಿದರು.

ಸೇರಿದ ಮಕ್ಕಳು ನಾಲ್ಕೇ ನಾಲ್ಕು. ಊರು ಹೊಸದು. ಒಂದು ಮಗುವನ್ನು ಬಿಡಿಸಿಕೊಂಡು ಹೋದರೆ, 'ಯಾಕಂತೆ?' ಎಂಬ ಮಾತು ಮನೆಯಿಂದ ಮನೆಗೆ ಹೋಗಿ, ಉಳಿದವರೂ ಬಿಡಿಸುತ್ತಾರೆ. ಈ ಅಂಜಿಕೆಯೇ ಅವರನ್ನು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ.

ಎರಡನೆಯ ತಿಂಗಳು ಒಂದು ಬೆಳಗ್ಗೆ, ಸವಳಂಗ ರಸ್ತೆಯ ರಶ್ಮಿಯ ಮಗಳು ಇಂಪನಾಳನ್ನು ಎತ್ತಿಕೊಂಡು ಬಂದವರು ರಶ್ಮಿಯಲ್ಲ. ಹಳ್ಳಿಯಿಂದ ಬಂದಿದ್ದ ಅವಳ ಅತ್ತೆ ಕಾಶಮ್ಮ. ಒಂದೂವರೆ ವರ್ಷದ ಆ ಮಗುವಿನ ಮೂಗು ಸೋರುತ್ತಿತ್ತು. ಅಜ್ಜಿ ಅದನ್ನು ಸೊಂಟದಿಂದ ಇಳಿಸಲೇ ಇಲ್ಲ.

"ಏನಮ್ಮಾ, ಎಳೇ ಕೂಸಿಗೆ ತಣ್ಣೀರು ಹುಯ್ತೀಯಂತೆ?"

"ಯಾರು ಹೇಳಿದ್ದು ಅಮ್ಮಾ?"

"ಬೇರೆ ಯಾರು ಹೇಳ್ಬೇಕು? ಕೂಸೇ ಹೇಳ್ತು! ನಿನ್ನೆ ಸಾಯಂಕಾಲ ಇಲ್ಲಿಂದ ಬಂದಾಗಿಂದ 'ತಣ್ಣಿ, ತಣ್ಣಿ' ಅಂತ ಒಂದೇ ರಾಗ. ಕೊಡ ತೋರಿಸಿ ತೋರಿಸಿ ಅಳುತ್ತೆ. ನೀರು ಕಂಡ್ರೇ ಬೆಚ್ಚೋ ಹಂಗೆ ಮಾಡಿಟ್ಟಿದ್ದೀಯ!"

"ಹಂಡೆ ಮುಟ್ಟಿ ನೋಡಿ ಅಮ್ಮಾ, ಸುಡ್ತಿದೆ."

"ಇವತ್ತು ಸುಡುತ್ತೆ ಮಾರಾಯ್ತಿ. ನಿನ್ನೇದನ್ನ ಯಾರು ಕಂಡಿದ್ದಾರೆ?"

ಮಗನನ್ನು ಬಿಡಲು ಬಂದಿದ್ದ ಶಾಲೆಯ ಟೀಚರ್ ಪ್ರೇಮಮ್ಮ ಇದನ್ನೆಲ್ಲ ಕೇಳಿಸಿಕೊಂಡು ಗೇಟಿನಲ್ಲಿಯೇ ನಿಂತರು. "ಇವತ್ತೊಂದಿನ ಇವನು ನಮ್ಮಕ್ಕನ ಮನೇಲಿ ಇರ್ಲಿ ಈಶ್ವರಮ್ಮ," ಎಂದು ಹಾಗೆಯೇ ತಿರುಗಿ ನಡೆದರು. ಆ 'ಇವತ್ತೊಂದಿನ'ದ ಅರ್ಥ ಈಶ್ವರಮ್ಮನವರಿಗೆ ತಿಳಿಯದ್ದಲ್ಲ.

ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ಪುಟ್ಟಯ್ಯನವರು ಬಂದರು. ನಡೆಯುತ್ತಿದ್ದ ರಂಪದ ಅರಿವು ಅವರಿಗೆಲ್ಲಿ? "ಉಸ್ಸಪ್ಪಾ! ಒಂದ್ ಲೋಟ ತಣ್ಣಿ ಕೊಡೇ," ಎಂದು ಜಗುಲಿಯ ಮೇಲೆ ಕುಳಿತರು.

ಇಂಪನಾ ಅಜ್ಜಿಯ ಸೊಂಟದಿಂದಲೇ ಕೊಡದ ಕಡೆಗೆ ಕೈ ಚಾಚಿ, "ತಣ್ಣಿ!" ಎಂದಳು.

ಕಾಶಮ್ಮ ಪುಟ್ಟಯ್ಯನವರನ್ನು ದಿಟ್ಟಿಸಿದರು. "ನಿಮಗೂ ಹುಯ್ತಾಳೇನ್ರೀ?"

ಈಶ್ವರಮ್ಮನವರು ಹಣೆ ಚಚ್ಚಿಕೊಂಡರು. "ಅಯ್ಯೋ, ತಣ್ಣಿ ಅಂದ್ರೆ ನೀರು ಅಮ್ಮಾ! ಬರೀ ನೀರು. ತಮಿಳು ಮಾತು ಅದು. ಭದ್ರಾವತೀಲಿ ಇದ್ದೂ ಇದ್ದೂ ನಮ್ಮ ಬಾಯಿಗೆ ಅಂಟಿದೆ. ಮಗೂಗೂ ಹಂಗೇ ಅಂದು ಕುಡಿಸ್ತೀನಿ." ಕಾದಾರಿದ ನೀರನ್ನು ಲೋಟಕ್ಕೆ ಬಗ್ಗಿಸಿ ಹಿಡಿದರು. ಮಗು ಎರಡೂ ಕೈಯಲ್ಲಿ ಲೋಟ ತಬ್ಬಿ ಗಟಗಟನೆ ಕುಡಿಯಿತು.

ಕಾಶಮ್ಮನವರ ಮುಖ ಇಳಿದುಹೋಯಿತು. "ಹಂಗಾರೆ ಕೂಸು ಬಾಯಾರಿ ಅತ್ತಿದ್ದಾ? ಶೀತ ಅಂತ ನಾನು ಬರೀ ಕಷಾಯ ಕುಡಿಸಿದೆನಲ್ಲೇ…"

ಈಶ್ವರಮ್ಮನವರ ಕಣ್ಣು ರಸ್ತೆಯ ಕಡೆಗಿತ್ತು. "ಪ್ರೇಮಮ್ಮ ಹೋಗೇಬಿಟ್ರಲ್ಲ," ಎಂದರು ಸಣ್ಣ ದನಿಯಲ್ಲಿ.

ಕಾಶಮ್ಮ ಮಗುವನ್ನು ಅವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಯಾವ ಕಡೆ ಹೋದ್ಲು? ಕೆಡಿಸಿದವಳು ನಾನು, ನಾನೇ ಹೋಗ್ತೀನಿ."

ಆ ಹತ್ತು ನಿಮಿಷ ಈಶ್ವರಮ್ಮನವರಿಗೆ ಹತ್ತು ದಿನವಾಯಿತು. ಒಳಗೆ ತೊಟ್ಟಿಲು ತೂಗಿದರು, ಹೊರಗೆ ಬಂದು ನೋಡಿದರು; ಮತ್ತೆ ಒಳಗೆ, ಮತ್ತೆ ಹೊರಗೆ. ಕೊನೆಗೆ ಬೀದಿಯ ತಿರುವಿನಲ್ಲಿ ಕಾಶಮ್ಮ ಕಂಡರು. ಸೊಂಟದ ಮೇಲೆ ಪ್ರೇಮಮ್ಮನ ಮಗ; ಹಿಂದೆ ಪ್ರೇಮಮ್ಮ, ಏದುಸಿರು ಬಿಡುತ್ತ, ನಗುತ್ತ.

"ತಮಿಳು ಬೇಕಾದ್ರೆ ಕಲಿಸಿ ಈಶ್ವರಮ್ಮ, ಅದಕ್ಕೂ ಫೀಸು ಅಂತ ಮಾತ್ರ ಕೇಳ್ಬೇಡಿ!" ಎಂದು ಅವರು ಶಾಲೆಯ ಕಡೆಗೆ ಓಡಿದರು.

ಈಶ್ವರಮ್ಮನವರಿಗೆ ನಗಲೂ ಆಗಲಿಲ್ಲ. ಹುಡುಗನನ್ನು ಎದೆಗವುಚಿಕೊಂಡು, ಅವನ ಬೂಟು ಬಿಚ್ಚುವುದನ್ನೂ ಮರೆತು, ನಡುಮನೆಯಲ್ಲಿ ಸುಮ್ಮನೆ ನಿಂತುಬಿಟ್ಟರು.