ರತ್ನಕ್ಕನಿಗೆ ನಾನು ಹೇಳಿದ ಆಯಸ್ಸು

ನನ್ನ ಅಕ್ಕನಿಗೆ ಎಪ್ಪತ್ತೆರಡು ದಾಟುವುದಿಲ್ಲ ಎಂದು ಹೇಳಿದವನು ನಾನು. ಜಾತಕ ನೋಡಿ ಹೇಳಿದೆನೆಂದು ಅವಳು ನಂಬಿದಳು. ನಾನು ನೋಡಿರಲಿಲ್ಲ — ಅದರ ಮಡಿಕೆ ಬಿಚ್ಚಿದೆ, ಕನ್ನಡಕ ಏರಿಸಿದೆ, ಬೆರಳು ಮಡಿಚಿ ಏನೋ ಎಣಿಸಿದ ಹಾಗೆ ಮಾಡಿದೆ, ಬಾಯಿಗೆ ಬಂದದ್ದನ್ನು ಹೇಳಿದೆ. ರತ್ನಕ್ಕನಿಗೆ ಈಗ ಎಂಬತ್ತು. ಕುಣಿಗಲ್ಲಿನ ಮಗನ ಮನೆಯಲ್ಲಿ ಕೂತಲ್ಲಿಂದಲೇ ತೆವಳಿಕೊಂಡು ಬಚ್ಚಲಿಗೆ ಹೋಗುತ್ತಾಳೆ. ಅವಳು ಹಾಗಾದದ್ದು ನನ್ನಿಂದ.

ನಾನು ತುಮಕೂರಿನಲ್ಲಿ ಗಣಿತದ ಲೆಕ್ಚರರ್ ಆಗಿದ್ದು ನಿವೃತ್ತನಾದವನು. ಅಪ್ಪ ಗುಬ್ಬಿಯಲ್ಲಿ ಪಂಚಾಂಗ ನೋಡಿ ಹೇಳುತ್ತಿದ್ದರು. ಮದುವೆ, ಮನೆಯ ಪಾಯ, ಕಳೆದುಹೋದ ಹಸು — ಏನು ಕೇಳಿದರೂ ಹೇಳುತ್ತಿದ್ದರು, ಆಯಸ್ಸೊಂದನ್ನು ಬಿಟ್ಟು. ಅದನ್ನು ಕೇಳಿದವರ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು, "ಕುಡ್ದು ಹೊರಡಪ್ಪ" ಎನ್ನುತ್ತಿದ್ದರು. ಎಂಥ ದೊಡ್ಡ ಮನುಷ್ಯ ಬಂದು ಕೇಳಿದರೂ ಅಷ್ಟೆ. ಅಪ್ಪನ ವಿದ್ಯೆಯೆಲ್ಲ ಬೊಗಳೆ ಎಂದು ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ನಾನು ಹೇಳಿಕೊಂಡು ತಿರುಗಿದವನು. ಆದರೂ ಅಪ್ಪ ಹೋದ ಮೇಲೆ ನಮ್ಮ ನೆಂಟರಿಷ್ಟರು ಆ ವಿದ್ಯೆ ನನಗೇ ಬಂದಿದೆ ಎಂದು ತೀರ್ಮಾನಿಸಿಬಿಟ್ಟರು. ಮದುವೆ ಮನೆಗಳಲ್ಲಿ ಅವರು ಜಾತಕದ ಚೀಟಿ ಹಿಡಿದುಕೊಂಡು ಬಂದಾಗ ಗೇಲಿಗೆಂದೇ ಎರಡು ಮಾತು ಉದುರಿಸುತ್ತಿದ್ದೆ, ಅವರು ಅದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಪೆದ್ದರು ಎಂದು ಒಳಗೊಳಗೇ ನಗುತ್ತಿದ್ದೆ. ಬೇಡ ಎಂದು ಒಂದು ಸಲವಾದರೂ ಹೇಳಿದ್ದಿಲ್ಲ.

ಮುದುಕರನ್ನು ಕಂಡರೆ ನನಗೆ ಆಗುವುದಿಲ್ಲ. ಆಗಲೂ ಆಗುತ್ತಿರಲಿಲ್ಲ, ಈಗ ನಾನೇ ಎಪ್ಪತ್ತೈದರ ಮುದುಕನಾದ ಮೇಲೂ ಆಗುವುದಿಲ್ಲ. ಬೆಳಿಗ್ಗೆ ಪಾರ್ಕಿಗೆ ಬಂದು ನೋಡಿ. ಮಂಕಿ ಕ್ಯಾಪು ಹಾಕಿಕೊಂಡು ಒಂದು ಸುತ್ತು ನಡೆಯುತ್ತಾರೆ, ಮೂರು ಸುತ್ತಿನಷ್ಟು ಹೊತ್ತು ಬೆಂಚಿನಲ್ಲಿ ಕೂರುತ್ತಾರೆ. "ನಮ್ಮಪ್ಪ ತೊಂಬತ್ತೆರಡರ ತನಕ ಇದ್ರು ಸಾರ್, ಒಂದು ಹಲ್ಲೂ ಬಿದ್ದಿರ್ಲಿಲ್ಲ" ಎಂದು ಒಬ್ಬ ಹೇಳಿದರೆ, ಇನ್ನೊಬ್ಬ ತನ್ನಜ್ಜಿಯನ್ನು ನೂರಕ್ಕೆ ತಂದು ನಿಲ್ಲಿಸುತ್ತಾನೆ. ಅಪ್ಪ ಬದುಕಿದ್ದು ತಾನು ಪರೀಕ್ಷೆಯಲ್ಲಿ ತೆಗೆದ ಮಾರ್ಕ್ಸು ಎಂಬಂತೆ ಹೇಳಿಕೊಳ್ಳುವುದು! ಅಷ್ಟೂ ಆಸೆ ಇಟ್ಟುಕೊಂಡು, ಅದೇ ಬಾಯಲ್ಲಿ, "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಇನ್ನೇನಿದೆ ಬಿಡಿ ನಮ್ದು" ಎಂದು ನಿಟ್ಟುಸಿರು ಬೇರೆ. ಸಂಜೆ ಅವರೇ ಔಷಧದ ಅಂಗಡಿಯ ಮುಂದೆ ಕ್ಯಾಲ್ಸಿಯಂ ಮಾತ್ರೆಗೆ ನಿಂತಿರುತ್ತಾರೆ.

ನಮ್ಮಲ್ಲಿ ಇದಕ್ಕೊಂದು ಪದ್ಧತಿ ಇದೆ, ಎಲ್ಲರಿಗೂ ಗೊತ್ತಿರುವುದೇ. ವಯಸ್ಸಾದವರು, "ನಾನಿನ್ನೆಷ್ಟು ದಿನ ಇರ್ತೀನಿ" ಎನ್ನಬೇಕು. ಎದುರಿಗಿದ್ದವರು ತಟ್ಟನೆ, "ಬಿಡ್ತು ಅನ್ನಿ, ನೂರು ವರ್ಷ ಇರ್ತೀರ" ಎನ್ನಬೇಕು. ಆಗ ಮೊದಲನೆಯವರು ಬಿಡ್ತು ಎಂದು ಬಾಯಿ ಸಿಹಿ ಮಾಡಿಕೊಂಡಷ್ಟು ತೃಪ್ತಿಯಿಂದ ಕಾಫಿ ಕುಡಿಯುತ್ತಾರೆ. ಈ ನಾಟಕವನ್ನು ನಾನು ಆಡುವುದಿಲ್ಲ ಎಂದು ಹಟ ಹಿಡಿದಿದ್ದೆ — ಅದನ್ನೇ ಪ್ರಾಮಾಣಿಕತೆ ಎಂದುಕೊಂಡಿದ್ದೆ. ನನ್ನ ಹೆಂಡತಿ, "ಬಿಡ್ತು ಅಂತ ಒಂದು ಮಾತು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ" ಎಂದು ಬೈಯುತ್ತಿದ್ದಳು.

ಅಕ್ಕ ಕುಣಿಗಲ್ಲಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದವಳು. ಭಾವ ಬೇಗ ತೀರಿಕೊಂಡ ಮೇಲೆ ಆ ಮಿಷಿನ್ನು ತುಳಿದೇ ಮಗ ಸುರೇಶನನ್ನು ಓದಿಸಿದಳು. ಸಂಜೆಯಾದರೆ ಕೆರೆ ಏರಿಯ ಮೇಲೆ ಅವಳ ನಡಿಗೆ. ಜೊತೆಗೆ ಹೊರಟ ಹೆಂಗಸರು ಅವಳನ್ನು ಹಿಡಿಯಲಾರದೆ ಏದುಸಿರು ಬಿಡುತ್ತಿದ್ದರು. ಅರವತ್ತೈದರ ಆಚೆ ಎರಡೂ ಮಂಡಿ ಹಿಡಿದುಕೊಂಡವು. ಅರವತ್ತೆಂಟಕ್ಕೆ ಸುರೇಶ ತುಮಕೂರಿಗೆ ಕರೆದುಕೊಂಡು ಬಂದ. ಡಾಕ್ಟರು ಮಂಡಿ ಬದಲಾಯಿಸಬೇಕು, ಮಾಡಿಸಿಕೊಂಡರೆ ಮೊದಲಿನ ಹಾಗೆ ಓಡಾಡಬಹುದು, ಹೊಸ ಮಂಡಿ ಹದಿನೈದು ವರ್ಷಕ್ಕೆ ಮೋಸವಿಲ್ಲ ಎಂದರು. ಅಡ್ಮಿಟ್ ಆಗುವ ದಿನವೂ ಗೊತ್ತಾಯಿತು. ಅಲ್ಲಿಯ ತನಕ ಅಕ್ಕ ನಮ್ಮ ಮನೆಯಲ್ಲೇ ಉಳಿದಳು.

ಆ ಒಂದು ವಾರ — ನನಗೆ ತಲೆ ಕೆಟ್ಟಿತು. ಕಾಫಿಗೊಂದು ಸಲ, ಊಟಕ್ಕೊಂದು ಸಲ, "ಇನ್ನೆಷ್ಟು ದಿನ ಅಂತ ಇಷ್ಟೆಲ್ಲ ಖರ್ಚೋ" ಎನ್ನುವಳು. ಹೆಂಡತಿ ಪ್ರತಿ ಸಲವೂ ಬಿಡ್ತು ಅನ್ನಿಸುವಳು. ಅಕ್ಕ ಅಷ್ಟಕ್ಕೆ ಅರಳಿ, ಆಪರೇಷನ್ ಆದ ಮೇಲೆ ಯಡಿಯೂರಿನ ದೇವಸ್ಥಾನಕ್ಕೆ ಹೈವೇ ಹಿಡಿದು ನಡೆದೇ ಹೋಗುತ್ತೇನೆ ಎಂದು ಹೊಸದಾಗಿ ಶುರುಮಾಡುವಳು. ಪೇಪರಿನ ಹಿಂದೆ ಕೂತು ನಾನು ಹಲ್ಲು ಕಡಿಯುತ್ತಿದ್ದೆ. ಅವಳಿಗೆ ಹೆದರಿಕೆ ಇತ್ತು, ಆಪರೇಷನ್ನಿಗೆ ಹೆದರಿದ್ದಳು, ಅಷ್ಟೇ ಇದ್ದದ್ದು. ಅದು ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ಗೊತ್ತಾಗಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಜಾತಕ ತಂದು ನನ್ನ ಮುಂದೆ ಇಟ್ಟಳು. "ಅಪ್ಪ ಅಂತೂ ಹೇಳ್ಳಿಲ್ಲ. ನೀನಾದ್ರೂ ನೋಡಿ ಹೇಳೋ. ಮಂಡಿ ಹದಿನೈದು ವರ್ಷ ಬರುತ್ತಂತೆ, ನಾನು ಬರ್ತೀನಾ?" ಎಂದಳು. ಮುಖದಲ್ಲಿ ಅದೇ ನಗು, ನೂರು ವರ್ಷ ಎಂಬ ಮಾತಿಗೆ ಕಾದು ಕೂತ ನಗು. ನಾನು ಬೆರಳು ಎಣಿಸುವ ನಾಟಕ ಮುಗಿಸಿ, "ಎಪ್ಪತ್ತೆರಡು ದಾಟಲ್ಲ ಅಕ್ಕ" ಎಂದೆ.

ಅವಳ ನಗು ತಕ್ಷಣ ಹೋಗಲಿಲ್ಲ. ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಇತ್ತು. ಆಮೇಲೆ ಜಾತಕವನ್ನು ಮಡಿಚಿ, "ಗೊತ್ತಾಗಿದ್ದು ಒಳ್ಳೇದಾಯ್ತು ಬಿಡು" ಎಂದು ಎದ್ದು ಹೋದಳು. ಗೋಡೆ ಹಿಡಿದುಕೊಂಡು ಹೋದಳು. ನನಗೆ — ಬರೆಯಲು ಕೈ ಹಿಂಜರಿಯುತ್ತದೆ — ನನಗೆ ಆ ಗಳಿಗೆಯಲ್ಲಿ ಗೆದ್ದ ಹಾಗಾಯಿತು.

ಮರುದಿನ ಅವಳು ಆಪರೇಷನ್ ಬೇಡ ಎಂದಳು. ಕಾರಣ ಹೇಳಲಿಲ್ಲ, ನನ್ನ ಹೆಸರು ಎತ್ತಲಿಲ್ಲ. ಸುರೇಶ ಗೋಗರೆದ, ಅವನ ಹೆಂಡತಿ ಸುಮಾ ಫೋನು ಮಾಡಿ, "ಮಾವ, ನೀವು ಹೇಳಿದ್ರೆ ಕೇಳ್ತಾರೆ, ಒಂದು ಮಾತು ಹೇಳಿ" ಎಂದು ಅತ್ತಳು. ಒಂದು ಮಾತು ಸಾಕಾಗಿತ್ತು. ಅಕ್ಕ, ಅವತ್ತು ಹೇಳಿದ್ದು ಸುಳ್ಳು — ಇಷ್ಟೇ. ಆದರೆ ಅದನ್ನು ಹೇಳಿದರೆ ನಾನು ಎಂಥವನು ಎನ್ನುವುದು ಎಲ್ಲರಿಗೂ ತಿಳಿಯುತ್ತಿತ್ತು. "ಅವಳ ದೇಹ, ಅವಳಿಷ್ಟ ಕಣಮ್ಮ" ಎಂದೆ ನಾನು, ದೊಡ್ಡ ತತ್ವಜ್ಞಾನಿಯ ಹಾಗೆ. ಫೋನಿಟ್ಟು ಮಧ್ಯಾಹ್ನದ ನಿದ್ದೆ ಮಾಡಿದೆ.

ಅಕ್ಕ ಸಾಯಲು ತಯಾರಾದಳು. ಹೊಲಿಗೆ ಮಿಷಿನ್ನನ್ನು ಹಳೆಯ ಶಿಷ್ಯೆಯೊಬ್ಬಳಿಗೆ ಕೊಟ್ಟಳು, ರೇಷ್ಮೆ ಸೀರೆಗಳನ್ನು ಹಂಚಿದಳು. ಕನ್ನಡಕದ ನಂಬರು ಬದಲಾದರೂ ಹೊಸದು ಬೇಡವೆಂದಳು. ಯಡಿಯೂರಿಗೆ ಕೊನೆಯ ಸಲವೆಂದು ಸುರೇಶನ ಕಾರಿನಲ್ಲಿ ಹೋಗಿ, ಬಾಗಿಲಿನಿಂದಲೇ ಕೈ ಮುಗಿದು ಬಂದಳಂತೆ. ಇದೆಲ್ಲ ಸುಮಾ ಹೇಳುವಾಗ ನನಗೆ ಅಕ್ಕನ ಮೇಲೆಯೇ ಸಿಟ್ಟು ಬರುತ್ತಿತ್ತು. ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು ಸಾಧಿಸಿ ತೋರಿಸಿದ್ದನ್ನು ಹಿಂದಿನ ಬೆಂಚಿನವರು ಒಬ್ಬರೂ ನಂಬಿದವರಲ್ಲ. ಇವಳು ಒಂದು ಸುಳ್ಳನ್ನು ನಂಬಿ ಗಂಟುಮೂಟೆ ಕಟ್ಟಿ ಕೂತಿದ್ದಳು. ಸಿಟ್ಟು ಮಾಡಿಕೊಂಡರೆ ತಪ್ಪು ಅವಳದಾಗುತ್ತಿತ್ತು, ನನಗೆ ಅದೇ ಬೇಕಾಗಿತ್ತು.

ಎಪ್ಪತ್ತೆರಡು ಬಂತು, ಹೋಯಿತು. ಎಪ್ಪತ್ಮೂರರ ಯುಗಾದಿಗೆ ನಾನು ಕುಣಿಗಲ್ಲಿಗೆ ಹೋದಾಗ ಅಕ್ಕ ನನ್ನ ಮುಖ ನೋಡಲು ನಾಚಿಕೊಂಡಳು. ಹೌದು — ನಾಚಿಕೊಂಡಳು, ಬಾಡಿಗೆ ಮುಗಿದರೂ ಮನೆ ಬಿಡದವರ ಹಾಗೆ. "ನಿನ್ನ ಲೆಕ್ಕ ತಪ್ಪಲ್ಲ ಕಣೋ, ನಾನೇ ಯಾಕೋ ಉಳ್ಕೊಂಡುಬಿಟ್ಟೆ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೋಳಿಗೆ ತಿಂದು ಬಂದೆ.

ಅದೇ ವರ್ಷ ಅವರ ಪಕ್ಕದ ಮನೆಯ ಹುಡುಗ ಮಂಜ, ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವನು, ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕಿ ತೀರಿಕೊಂಡ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವತ್ತಿನಿಂದ ಅಕ್ಕನಿಗೆ ಹೊಸದೊಂದು ಶುರುವಾಯಿತು. ಅವನ ಆಯಸ್ಸು ತನಗೆ ಬಂದಿದೆ, ಅವನ ಪಾಲಿನ ಅನ್ನ ತಾನು ಉಣ್ಣುತ್ತಿದ್ದೇನೆ ಎಂದು. ಮಂಜನ ತಾಯಿ ಅಂಗಳಕ್ಕೆ ಬಂದರೆ ಇವಳು ಒಳಗೆ ತೆವಳಿಕೊಂಡು ಹೋಗಿ ಬಾಗಿಲ ಮರೆಯಲ್ಲಿ ಕೂರುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದಳು. ಸುರೇಶ ಆಮೇಲೊಮ್ಮೆ ಬಲವಂತವಾಗಿ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದ. ಹೃದಯ ದುರ್ಬಲವಾಗಿದೆ, ಇನ್ನು ಮಂಡಿಗೆ ಕೈ ಹಾಕಲು ಆಗುವುದಿಲ್ಲ ಎಂದರು.

ಇನ್ನೊಂದನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಎಪ್ಪತ್ತೊಂದಕ್ಕೆ ನನ್ನ ಮಂಡಿಗಳೂ ಕೈಕೊಟ್ಟವು. ನಾನು ಜಾತಕ ಬಿಚ್ಚಲಿಲ್ಲ, ಇನ್ನೆಷ್ಟು ದಿನ ಎನ್ನಲಿಲ್ಲ — ಎರಡೂ ಮಂಡಿ ಬದಲಾಯಿಸಿಕೊಂಡೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು. ಪಾರ್ಕಿನ ಮಂಕಿ ಕ್ಯಾಪುಗಳಲ್ಲಿ ಇಷ್ಟು ನೀಚತನ ನಾನು ಕಂಡಿಲ್ಲ, ಅವರು ಬದುಕುವ ಆಸೆಯನ್ನು ಬೆಂಚಿನ ಮೇಲೆ ಕೂತು ಎಲ್ಲರ ಎದುರಿಗೇ ಹರವುತ್ತಾರೆ. ಅಕ್ಕ ನನ್ನನ್ನು ನೋಡಲು ಬಂದಳು, ಸುರೇಶ ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದ. ವಾಕರ್ ಹಿಡಿದು ನಾನು ಹೆಜ್ಜೆ ಹಾಕುವುದನ್ನು ನೋಡಿ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. "ನಿನ್ನ ಆಯಸ್ಸು ಗಟ್ಟಿಯಿದೆ, ನೋಡ್ಕೊಂಡೇ ಮಾಡಿಸ್ಕೊಂಡಿರ್ತೀಯ" ಎಂದಳು. ನಾನು ತಲೆಯಾಡಿಸಿದೆ.

ಆ ತಲೆಯಾಡಿಸಿದ್ದು ನನ್ನನ್ನು ಬಿಡಲಿಲ್ಲ. ಆದರೂ ನಾಲ್ಕು ವರ್ಷ ದೂಡಿದೆ, ಹೇಡಿಗೆ ನೆಪಗಳೇನು ಕಡಿಮೆ. ಹೋದ ತಿಂಗಳು ಒಂದು ಬೆಳಿಗ್ಗೆ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಸುಮಾ ಒಳಗೆ ಅಡುಗೆ ಮಾಡುತ್ತಿದ್ದಳು. ಅಕ್ಕನ ಎದುರಿಗೆ ನೆಲದ ಮೇಲೆ ಕೂರಲು ನೋಡಿದೆ, ನನ್ನ ಹೊಸ ಮಂಡಿ ಅಷ್ಟು ಬಗ್ಗುವುದಿಲ್ಲ. ಕುರ್ಚಿಯಲ್ಲಿ ಕೂತೇ ಹೇಳಬೇಕಾಯಿತು. ಜಾತಕ ನೋಡಲಿಲ್ಲ, ನನಗೆ ನೋಡಲು ಬರುವುದೂ ಇಲ್ಲ, ನಿನ್ನ ಮೇಲಿನ ಅಸಡ್ಡೆಗೆ ಹಾಗೆ ಹೇಳಿದೆ — ಎಂದೆ. ಅಸಡ್ಡೆ ಎಂಬ ಮಾತನ್ನೇ ಬಳಸಿದೆ, ಬೇರೆ ಮೆತ್ತನೆಯ ಮಾತು ಹುಡುಕಲಿಲ್ಲ.

ಅಕ್ಕ, "ಹಂಗಾದ್ರೆ ಮಂಜನ ಆಯಸ್ಸು ನಾನು ತಿಂದಿಲ್ವೇನೋ?" ಎಂದು ಕೇಳಿದಳು.

"ಇಲ್ಲ ಅಕ್ಕ. ಯಾರದ್ದೂ ತಿಂದಿಲ್ಲ."

ಅವಳು ಅತ್ತಳು. ಮಂಜನ ಮನೆಯ ದಿಕ್ಕಿಗೆ ತಿರುಗಿ ಕೈ ಮುಗಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಎಷ್ಟೋ ವರ್ಷಗಳಿಂದ ಹೊತ್ತದ್ದನ್ನು ಇಳಿಸಿದವಳಂತೆ ಗೋಡೆಗೆ ಒರಗಿದಳು. ಮುಗಿಯಿತು, ಕ್ಷಮಿಸಿಬಿಟ್ಟಳು ಎಂದುಕೊಂಡೆ. ಇಷ್ಟಾದ ಮೇಲೂ ನನ್ನ ಮನಸ್ಸು ಓಡಿದ್ದು ಅಲ್ಲಿಗೇ — ನನಗೆ ಎಷ್ಟು ಸಲೀಸಾಗಿ ಬಿಡುಗಡೆಯಾಯಿತು ಎನ್ನುವಲ್ಲಿಗೆ. ಎದ್ದು ಹೊರಡಲು ಕುರ್ಚಿಯ ಕೈ ಹಿಡಿದಿದ್ದೆ.

ಅಕ್ಕ ಚಾಚಿಕೊಂಡಿದ್ದ ತನ್ನ ಎರಡೂ ಕಾಲುಗಳನ್ನು ನೋಡುತ್ತಿದ್ದಳು. ಬೈಗುಳವಿಲ್ಲದೆ, ಯಾವುದೋ ಮರೆತಿದ್ದು ಈಗ ನೆನಪಾದವಳ ಹಾಗೆ, "ಅಂದ್ರೆ ಇಷ್ಟು ವರ್ಷ ನಾನು ನಡೀಬೋದಾಗಿತ್ತು" ಎಂದಳು.

"ಹೂಂ ಅಕ್ಕ. ನಡೀಬೋದಾಗಿತ್ತು" ಎಂದೆ.