ಪರದೆಯ ಹಿಂದಿನ ಬೆಂಚು

ಟೈಲರ್ ತಾತನ ಅಜ್ಜ ಊರಿನ ಮೊದಲ ಟಾಕೀಸಿಗೆ ಪರದೆ ಹೊಲಿದವನು. ಅಪ್ಪ ಅದು ಹರಿದಾಗಲೆಲ್ಲ ಹೊಲಿಗೆ ಕಾಣದಂತೆ ತೇಪೆ ಹಾಕಿದವನು. ಆ ಉಪಕಾರಕ್ಕೆ ಮನೆಮಂದಿಗೆ ಪರದೆಯ ಹಿಂದೆ ಒಂದು ಬೆಂಚು ಬಿಟ್ಟಿಯಾಗಿ ಸಿಕ್ಕಿತ್ತು. ಅಲ್ಲಿ ಅಪ್ಪನಿಗೆ ಆತುಕೊಂಡು ಸಿನಿಮಾ ನೋಡಿ ಬೆಳೆದ ತಾತನ ಮುಂದೆ ನಟನೆಯ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. "ಈಗಿನವರದು ಬರೀ ಕಣ್ಣೀರು ಕಣಯ್ಯಾ, ಆಗಿನವರ ಹೆಗಲೂ ಅಳ್ತಿತ್ತು," ಎನ್ನುತ್ತ ಗಿರಾಕಿಯ ಹೆಗಲಿಗೇ ಟೇಪು ಹಿಡಿದು ತೋರಿಸುತ್ತಾನೆ. ಖಳನಾಯಕ ಕೋಟಿನ ಗುಂಡಿ ಹಾಕುವ ಠೀವಿಯನ್ನು ಮಾಡಿ ತೋರಿಸುವಷ್ಟರಲ್ಲಿ ಗಿರಾಕಿಯ ಪ್ಯಾಂಟು ಇನ್ನೊಂದು ವಾರ ಮುಂದಕ್ಕೆ ಹೋಗಿರುತ್ತದೆ. ಒಂದೇ ತಕರಾರು, ತಾತನ ನಾಯಕರೆಲ್ಲ ಎಡಚರು. "ಎಡಗೈಲಿ ಕತ್ತಿ ಎತ್ತಿದನೋ, ಸಿಡಿಲು!" ಎನ್ನುತ್ತಾನೆ. "ಅಯ್ಯೋ ತಾತಾ, ನೀನು ಹಿಂದಿನಿಂದ ನೋಡಿದ್ದಕ್ಕೆ ಬಲ ಎಡವಾಗಿದೆ," ಎಂದು ನಕ್ಕ ಮೊಮ್ಮಗಳು ಅಂಗಡಿಗೆ ಟಿವಿಯನ್ನೇ ತಂದಿಟ್ಟಳು. ತಾತ ಹಳೇ ಸಿನಿಮಾ ಹಾಕಿಸಿಕೊಂಡು, ಟಿವಿಗೆ ಬೆನ್ನು ಮಾಡಿ ಅಂಗಡಿಯ ಬೆಂಚಿನ ಒಂದು ತುದಿಗೆ ಕೂತು, ಗಿರಾಕಿಗಳ ನಿಲುವುಗನ್ನಡಿಯಲ್ಲಿ ಅದನ್ನು ನೋಡತೊಡಗಿದ. ನಾಯಕ ಎಡಗೈಯಲ್ಲಿ ಕತ್ತಿ ಎತ್ತಿದಾಗ ಚಪ್ಪಾಳೆ ತಟ್ಟಿದ. ಮೊಮ್ಮಗಳು ಬೆಂಚು ತಿರುಗಿಸಿಕೊಡಲು ಬಂದಳು. ತಾತ ಪಕ್ಕದ ಖಾಲಿ ಜಾಗದ ಮೇಲೆ ಕೈಯಿಟ್ಟು ತಡೆದ: "ಬೇಡ ಬಿಡು ತಾಯೀ. ಆ ಕಡೆ ತಿರುಗಿದ್ರೆ ಪಕ್ಕದಲ್ಲಿ ನಮ್ಮಪ್ಪ ಇರಲ್ಲ."