ಬಿಸ್ಕತ್ತಿನ ಡಬ್ಬಿಯ ಮಾತ್ರೆಗಳು

ಇದು ನಡೆದಾಗ ನನಗೆ ಐವತ್ತೊಂಬತ್ತು. ಅದಾಗಿ ಒಂಬತ್ತು ವರ್ಷ. ಮೊನ್ನೆ ಅಟ್ಟದಿಂದ ಹಳೇ ಪಾತ್ರೆ ಇಳಿಸುವಾಗ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಕೈಗೆ ಬಂತು. ಖಾಲಿ ಡಬ್ಬಿ. ಹಿಂದೆ ಎರಡು ಸಲ ತೊಳೆದು ಬಿಸಿಲಿಗಿಟ್ಟಿದ್ದೆ, ಆದರೂ ಮುಚ್ಚಳ ತೆಗೆದರೆ ಅದೇ ವಾಸನೆ. ಕ್ಯಾಪ್ಸೂಲಿನ ವಾಸನೆ... ಮುಗ್ಗಲು ಹಿಡಿದ ಬ್ರೆಡ್ಡಿನ ಹಾಗೆ. ಎದುರು ಮನೆಯವಳು ನೆನಪಾದಳು.

ಹಲಸೂರಿನ ನಮ್ಮ ಗಲ್ಲಿಯಲ್ಲಿ ಅವಳ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಒಂದು ಸ್ಕೂಟರ್ ಹೋಗುವಷ್ಟೇ ಜಾಗ. ಅವಳದು ಇಸ್ತ್ರಿ ಕೆಲಸ. ಇಂದಿರಾನಗರದ ಒಂದು ಹೊಂಗೆ ಮರದ ಕೆಳಗೆ ತಳ್ಳುಗಾಡಿ, ಅದರ ಮೇಲೆ ಇದ್ದಿಲ ಇಸ್ತ್ರಿಪೆಟ್ಟಿಗೆ. ದಿನವಿಡೀ ಗಾಡಿಯ ಅಂಚಿಗೆ ಹೊಟ್ಟೆ ಒತ್ತಿ ನಿಂತಿರುತ್ತಿದ್ದಳು. ಗಂಡ ಮನೆಮನೆಗೆ ಬಟ್ಟೆ ಮುಟ್ಟಿಸುತ್ತಿದ್ದ. ಬಾಯಿ ಜೋರು ಅವಳದು. ನನ್ನ ಸೀರೆ ನೋಡಿ, ದನ ಅಗಿದು ಉಗಿದಂಗಿದೆ ಎಂದು ಕಿತ್ತುಕೊಂಡು ಹೋಗಿ ಇಸ್ತ್ರಿ ಮಾಡಿ ತರುತ್ತಿದ್ದಳು.

ನಾನು ಶಿವಾಜಿನಗರದ ಒಂದು ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷ ನೆಲ ಒರೆಸಿದವಳು. ಓದು ಅಷ್ಟಕ್ಕಷ್ಟೇ. ಮಾತ್ರೆಗಳ ಹೆಸರು ಓದಲು ಬರುತ್ತಿರಲಿಲ್ಲ, ಬಣ್ಣ ಗೊತ್ತಿತ್ತು. ಗಲ್ಲಿಯವರಿಗೆ ಅಷ್ಟು ಸಾಕಾಯಿತು, ಅರ್ಧ ಡಾಕ್ಟರಮ್ಮ ಎಂದು ಕರೆದರು. ನನಗೂ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾನೇ ಒಂದು ಕಟ್ಟಳೆ ಮಾಡಿದ್ದೆ. ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟಿರುತ್ತಾರೆ. ಎರಡು ದಿನಕ್ಕೇ ಜ್ವರ ಬಿಟ್ಟರೆ ಉಳಿದ ಮಾತ್ರೆ ತಂದು ನನ್ನ ಡಬ್ಬಿಗೆ ಹಾಕಬೇಕು. ಇನ್ನೊಬ್ಬರಿಗೆ ಆಗುತ್ತದೆ, ದಂಡ ಮಾಡಬಾರದು. ಎಲ್ಲರೂ ತಂದು ಹಾಕುತ್ತಿದ್ದರು.

ಅವಳಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂತು, ಜೊತೆಗೆ ಚಳಿಜ್ವರ. ಡಬ್ಬಿಯಿಂದ ಕೆಂಪು-ಹಳದಿಯದು ಮೂರು ಕೊಟ್ಟೆ. ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು, ಮತ್ತೆ ಕೊಟ್ಟೆ. ಹೀಗೇ ಎರಡು ವರ್ಷ. ಆಸ್ಪತ್ರೆಗೆ ತೋರಿಸು ಎಂದರೆ, ಎದುರುಗಡೆಯೇ ಆಸ್ಪತ್ರೆ ಇರುವಾಗ ಬಸ್ಸು ಯಾಕೆ ಹತ್ತಲಿ ಎಂದು ನಗುತ್ತಿದ್ದಳು. ನಾನೂ ಗಟ್ಟಿಯಾಗಿ ಹೇಳಲಿಲ್ಲ.

ಅವಳ ಕಣ್ಣು ಹಳದಿಯಾದ ಮೇಲೆ ಆಟೋದಲ್ಲಿ ಹಾಕಿಕೊಂಡು ಹೋದೆವು. ಪಿತ್ತಕೋಶದ ತುಂಬ ಕಲ್ಲು, ಒಳಗೆ ಕೀವು. ಹೊಟ್ಟೆ ಕೊಯ್ದು ತೆಗೆದರು. ಮೂರನೇ ದಿನ ಎದ್ದು ಕೂತು ಗಂಜಿ ಕುಡಿದಳು. ನರ್ಸಮ್ಮನ ಕೋಟಿಗೆ ಇಸ್ತ್ರಿ ಹಾಕಿದವನ ಕೈ ಮುರಿಯಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾಲ್ಕನೇ ದಿನ ಹೊಲಿಗೆಯ ಸುತ್ತ ಕೆಂಪಾಗಿ ಕೀವು ಒಸರಿತು. ಮೈ ಕೆಂಡ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸ್ಟೂಲು ಎಳೆದುಕೊಂಡು ಹಾಸಿಗೆ ಪಕ್ಕ ಕೂತರು. ಗಂಡ ಆಗ ಕೆಳಗೆ ಔಷಧಿ ತರಲು ಹೋಗಿದ್ದ. ಕೀವನ್ನು ಪರೀಕ್ಷೆಗೆ ಕಳಿಸಿದ್ದೇವೆ, ಈ ರೋಗಾಣು ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಮೂರು ದಿನ ಬೇಕು, ಅಲ್ಲಿಯವರೆಗೆ ಏನು ಕೊಡಬೇಕೆಂದು ನಾವೇ ಅಂದಾಜು ಮಾಡಬೇಕು ಎಂದರು. ಆಮೇಲೆ ಕೇಳಿದರು:

"ಮುಂಚೆ ಜ್ವರಕ್ಕೆ ಅಂತ ಆಂಟಿಬಯೋಟಿಕ್ ಮಾತ್ರೆ ಏನಾದ್ರೂ ತಗೊಂಡಿದ್ರಾ? ಅರ್ಧಂಬರ್ಧ ತಗೊಂಡಿದ್ರೂ ಹೇಳಿ, ಬೈಯಲ್ಲ."

ಅವಳು ನನ್ನ ಮುಖ ನೋಡಿದಳು.

"ಏನೂ ಇಲ್ಲ ಮೇಡಂ. ಬರೀ ಜೀರಿಗೆ ಕಷಾಯ," ಎಂದಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿ, ನಿಮಗೇನಾದರೂ ಗೊತ್ತಾ ಎಂದು ಕೇಳಿದರು. ಇಲ್ಲವೆಂದು ತಲೆ ಆಡಿಸಿದೆ. ಪೊಲೀಸಿನವರು, ಕ್ಲಿನಿಕ್ಕಿನ ಕೆಲಸ, ಗಲ್ಲಿಯ ಜನ... ಎಲ್ಲ ಒಟ್ಟಿಗೆ ತಲೆಗೆ ಬಂತು. ಹಾಸಿಗೆಯ ಮೇಲಿದ್ದ ಅವಳೊಬ್ಬಳು ಬರಲಿಲ್ಲ.

ಅವರು ಅತ್ತ ಹೋದ ಮೇಲೆ ಅವಳು ನನ್ನ ಕೈ ಹಿಡಿದಳು. "ಸುಮ್ನಿರಕ್ಕ. ಇದೂ ಇಳಿಯುತ್ತೆ."

ಮೂರು ದಿನ ಮಾಮೂಲಿ ಇಂಜೆಕ್ಷನ್ ಹೋಯಿತು. ಜ್ವರ ಜಗ್ಗಲಿಲ್ಲ. ಪರೀಕ್ಷೆಯ ಕಾಗದ ಬಂತು, ಕೊಡುತ್ತಿದ್ದ ಔಷಧಿಗೆ ಆ ರೋಗಾಣು ಬಗ್ಗುವುದಿಲ್ಲ ಎಂದಿತ್ತು. ಬೇರೆ ಇಂಜೆಕ್ಷನ್ ಹಾಕಿದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಸೇರಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಹೋಗಿಬಿಟ್ಟಳು...

ಡಾಕ್ಟರಮ್ಮ ಕಾರಿಡಾರಿನಲ್ಲಿ ಅವಳ ಗಂಡನಿಗೆ ಹೇಳುತ್ತಿದ್ದರು. ಮಾತ್ರೆಗಳನ್ನು ಅರ್ಧಕ್ಕೆ ಬಿಟ್ಟು ಬಿಟ್ಟು ತಿಂದರೆ ರೋಗಾಣು ಹೀಗೆ ಮೊಂಡು ಬೀಳುತ್ತದಂತೆ. ಮೊದಲೇ ಗೊತ್ತಿದ್ದರೆ ಆ ದಿನವೇ ಬೇರೆ ಇಂಜೆಕ್ಷನ್ ಶುರು ಮಾಡಬಹುದಿತ್ತಂತೆ. ಆದರೂ ಉಳಿಯುತ್ತಿದ್ದರು ಎಂದು ಹೇಳಲಾಗದಂತೆ. ಅವನು ಗೋಡೆ ನೋಡುತ್ತ ಹೂಂಗುಟ್ಟುತ್ತಿದ್ದ, ಒಂದು ಮಾತೂ ಅವನ ಕಿವಿಗೆ ಬೀಳಲಿಲ್ಲ. ನನ್ನ ಕಿವಿಗೆ ಎಲ್ಲವೂ ಬಿತ್ತು. ಸಂಜೆಯೊಳಗೆ ಮಣ್ಣು ಮಾಡಿದೆವು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ನನ್ನ ಸೀರೆ ದನ ಅಗಿದು ಉಗಿದಂತೆಯೇ ಇರುತ್ತದೆ, ಕಿತ್ತುಕೊಂಡು ಹೋಗುವವರಿಲ್ಲ. ಯಾರಾದರೂ ಮಾತ್ರೆ ಕೇಳಿದರೆ, ಡಾಕ್ಟರಿಗೆ ತೋರಿಸಿ, ಬರೆದುಕೊಟ್ಟಷ್ಟನ್ನೂ ಮುಗಿಸಿ ಎನ್ನುತ್ತೇನೆ. ಬುದ್ಧಿವಂತೆ ಎನ್ನುತ್ತಾರೆ. ಆದರೆ ಅವಳು ಸತ್ತ ದಿನವೇ ಡಬ್ಬಿ ಖಾಲಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮಾರನೆಯ ಬೆಳಿಗ್ಗೆ ಅವಳ ಗಂಡ ಬಂದು ಬಾಗಿಲಲ್ಲಿ ನಿಂತ. ಅಷ್ಟು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿ ಗಂಟಲು ಕಟ್ಟಿತ್ತು, ಮೈ ಬಿಸಿಯಾಗಿತ್ತು.

"ಅಕ್ಕ, ಆ ಕೆಂಪು-ಹಳದಿ ಮಾತ್ರೆ ಎರಡು ಕೊಡಿ. ಅವಳಿಗೆ ಕೊಡ್ತಿದ್ರಲ್ಲ, ಅದೇ."

ಇಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಡಬ್ಬಿ ಇಳಿಸಿದೆ. ಎರಡು ಕೊಟ್ಟೆ. ಏನಾದರೂ ತಿಂದು ನುಂಗು ಎಂದೆ.